ಕರೆಂಟ್ ಹೋದಾಗ ಬರುತ್ತಿದ್ದವರು

ನಮ್ಮ ರಸ್ತೆಯಲ್ಲಿ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಫೋನಿನವರು ಎಂದರೆ ಸಾಕಿತ್ತು. ಅವರ ಹೆಂಡತಿ ಫೋನಿನವರ ಮನೆಯವರು, ಅವರ ಗೇಟಿನ ಮುಂದಿನ ಹೊಂಗೆ ಮರ ಫೋನಿನವರ ಮರ. ಹೋದ ತಿಂಗಳು ಅವರು ತೀರಿಕೊಂಡಾಗ ಕಾಂಪೌಂಡಿಗೆ ಅಂಟಿಸಿದ್ದ ಕಾಗದದಲ್ಲಿ ಅವರ ಪೂರ್ತಿ ಹೆಸರು, ತಂದೆಯ ಹೆಸರು, ಊರಿನ ಹೆಸರು ಎಲ್ಲವೂ ಇದ್ದವು. ಇಪ್ಪತ್ತು ವರ್ಷ ಅದೇ ರಸ್ತೆಯಲ್ಲಿ ಬದುಕಿದ ನಾನೂ ಒಂದು ಗಳಿಗೆ ನಿಂತು, ಯಾರಪ್ಪ ಇವರು ಎಂದುಕೊಂಡೆ. ಆ ಹೆಸರನ್ನು ಇಲ್ಲೂ ಬರೆಯುವುದಿಲ್ಲ. ಅವರನ್ನು ಬಲ್ಲವರಿಗೆ ಅದು ಬೇಕಿಲ್ಲ.

ನಾನು ಸತ್ತವರ ಬಗ್ಗೆ ಒಳ್ಳೆಯ ಮಾತು ಆಡಲೇಬೇಕು ಎಂದು ಆಡುವವಳಲ್ಲ. ಕಾಮಾಕ್ಷಿಪಾಳ್ಯದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ರಿಟೈರ್ ಆದವಳು. ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುವುದು ನನ್ನ ಕೈಗೆ ಅಂಟಿದ ಚಾಳಿ. ಈ ಬರಹದಲ್ಲಿ ಆ ಗೆರೆಯನ್ನು ನನ್ನ ಮೇಲೇ ಎಳೆದುಕೊಳ್ಳಬೇಕಾಗಿದೆ. ನನ್ನ ಒಂದು ತಪ್ಪನ್ನು ಆ ಮನುಷ್ಯ ಮೂರು ವರ್ಷ ತಮ್ಮದೆಂದು ಹೊತ್ತು ತಿರುಗಿದರು. ನಾನು ತಿರುಗಲು ಬಿಟ್ಟೆ.

ಅವರು ಟೆಲಿಫೋನ್ ಲೈನ್‌ಮನ್ ಆಗಿದ್ದವರು. ಮಾಗಡಿ ಕಡೆಯ ಹಳ್ಳಿಯಿಂದ ಬಂದು, ರಾಜಾಜಿನಗರ, ವಿಜಯನಗರ, ನಮ್ಮ ಬಸವೇಶ್ವರನಗರ ಎಂದು ಈ ದಿಕ್ಕಿನ ಕಂಬಗಳನ್ನೆಲ್ಲ ಹತ್ತಿ ಇಳಿದವರು. ಅತ್ತಿಗುಪ್ಪೆಯಲ್ಲಿ ಮೆಟ್ರೋ ಓಡಲು ಶುರುವಾದ ಮೇಲೂ ಅವರ ಕಣ್ಣು ನೆಲದ ಮೇಲೇ ಇರುತ್ತಿತ್ತು. "ಇಲ್ಲೊಂದು ನಮ್ಮ ಡಬ್ಬ ಇತ್ತು ಮೇಡಂ, ನಾನೂರು ಮನೆ ಲೈನು ಇದ್ರೊಳಗೆ" ಎಂದು ಯಾವುದೋ ಎಳನೀರಿನ ಗಾಡಿಯ ಕಡೆ ಕೈ ತೋರಿಸುತ್ತಿದ್ದರು. ಕುಳ್ಳಗೆ, ಗಟ್ಟಿಯಾಗಿದ್ದರು. ಕಂಬ ಹತ್ತಿ ಹತ್ತಿ ಕಾಲು ಸ್ವಲ್ಪ ಹೊರಕ್ಕೆ ಬಾಗಿತ್ತು. ರಿಟೈರ್ ಆದ ಮೇಲೂ ಅಂಗಿಯ ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇರುತ್ತಿತ್ತು, ಪೆನ್ನು ಇರುತ್ತಿರಲಿಲ್ಲ.

ಯಾರ ಮನೆಗೆ ಬಂದರೂ ಮೊದಲು ರಿಸೀವರ್ ಎತ್ತುತ್ತಿದ್ದರು. ಕಿವಿಗಿಟ್ಟು, ಕಣ್ಣು ಮುಚ್ಚಿ, ಆ ಗುಂಯ್ ಎನ್ನುವ ಸದ್ದನ್ನು ಕೇಳಿ, ಮೆಲ್ಲಗೆ ಇಟ್ಟ ಮೇಲೆಯೇ "ಚೆನ್ನಾಗಿದೀರಾ?" ಎನ್ನುವುದು. ನನ್ನ ಅಕ್ಕ ನಗುತ್ತಿದ್ದಳು. "ಅವರು ಕೇಳಿದ್ದು ಫೋನನ್ನ ಕಣೇ, ನಮ್ಮನ್ನಲ್ಲ" ಎನ್ನುತ್ತಿದ್ದಳು. ಅವರಿಗೆ ಅದು ಕೇಳಿಸಿದರೂ ಬೇಸರವಿರಲಿಲ್ಲ. "ಫೋನು ಚೆನ್ನಾಗಿದ್ರೆ ನೀವು ಚೆನ್ನಾಗಿದೀರ ಅಂತ ಲೆಕ್ಕ ಅಕ್ಕಾ. ಚೆನ್ನಾಗಿಲ್ದಿದ್ರೆ ಮಾಡ್ತಿದ್ರಲ್ಲ" ಎನ್ನುತ್ತಿದ್ದರು.

ಅವರ ಕೆಲಸ ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ನಮ್ಮ ಲೈನು ಕೆಟ್ಟಿತ್ತು. ಅವರು ಗೋಡೆಯ ಮೇಲಿನ ಎರಡು ತಾಮ್ರದ ಎಳೆಗಳನ್ನು ಬೆರಳಲ್ಲಿ ಹಿಡಿದುಕೊಂಡು, ಪಕ್ಕದ ಮನೆಯಿಂದ ನಮ್ಮ ನಂಬರಿಗೆ ಮಾಡಲು ಹೇಳಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು. "ಬರ್ತಿದೆ, ಬರ್ತಿದೆ, ಬೆರಳಿಗೆ ಜುಮ್ ಅಂತಿದೆ." ಶಾಕ್ ಹೊಡೆಯುವುದಿಲ್ಲವೇ ಎಂದು ನಾನು ಗಾಬರಿಯಾದೆ. ಇದು ನಮ್ಮ ಎಕ್ಸ್‌ಚೇಂಜಿನಿಂದ ಬರುವ ಕರೆಂಟು, ಮನೆಯ ಕರೆಂಟಲ್ಲ, ಊರೆಲ್ಲ ಕತ್ತಲಾದರೂ ಇದು ಇರುತ್ತದೆ ಎಂದು ಅವರು ಹೇಳಿದರು. ಅಂದರೆ ಹಳೆಯ ಫೋನಿಗೆ ಬೇಕಾದ ಶಕ್ತಿ ಆ ತಂತಿಯಲ್ಲೇ ನಡೆದು ಬರುತ್ತಿತ್ತು. ಆ ದಿನ ನಾನು ಅದನ್ನು ಮಕ್ಕಳಿಗೆ ಹೇಳಬಹುದಾದ ಒಂದು ವಿಷಯ ಎಂದಷ್ಟೇ ತಿಳಿದೆ.

ಇನ್ನೊಂದು ಗುಣ ಹೇಳಬೇಕು. ಲೈನು ಪರೀಕ್ಷಿಸುವಾಗ ಜನರ ಮಾತು ಅವರ ಕಿವಿಗೆ ಬೀಳುತ್ತಿತ್ತು. ಯಾರು ಯಾರೊಂದಿಗೆ ಜಗಳ, ಯಾರ ಮದುವೆ ಮುರಿಯಿತು, ಎಲ್ಲವೂ. ಅಕ್ಕ ಎಷ್ಟು ಸಲ ಕೆಣಕಿದರೂ ಬಾಯಿ ಬಿಡಲಿಲ್ಲ. "ಕಂಬದ ಮೇಲೆ ಕೇಳಿದ್ದನ್ನ ಕಂಬದ ಮೇಲೇ ಬಿಟ್ಟು ಇಳೀಬೇಕು ಅಕ್ಕಾ" ಎಂದು ಮಾತು ತೇಲಿಸುತ್ತಿದ್ದರು. ಜಮೀನು ಪಾಲಿನ ಜಗಳದಲ್ಲಿದ್ದ ಒಬ್ಬ ದೊಡ್ಡ ಮನುಷ್ಯರು, ತಮ್ಮನ ಫೋನಿನಲ್ಲಿ ಏನು ಮಾತು ನಡೆಯುತ್ತಿದೆ ಎಂದು ತಿಳಿದು ಹೇಳಲು ಇವರನ್ನು ಕರೆಸಿದರಂತೆ. ಅವರು ಕೊಟ್ಟ ಕಾಫಿಯನ್ನೂ ಕುಡಿಯದೆ ಇವರು ಎದ್ದು ಬಂದರಂತೆ. ಅದನ್ನೂ ಹೇಳಿದ್ದು ಅವರ ಹೆಂಡತಿ, ಅವರಲ್ಲ.

ಅವರು ರಿಟೈರ್ ಆದ ಕಾಲಕ್ಕೆ ಫೋನಿನ ಪ್ರಪಂಚ ತಲೆಕೆಳಗಾಗಿತ್ತು. ದಿನಾ ಗೇಟಿಗೆ ಒಂದು ಬಣ್ಣದ ಕಾಗದ. ಫೋನು, ಇಂಟರ್ನೆಟ್ಟು, ಟಿವಿ ಎಲ್ಲ ಒಂದೇ ತಂತಿಯಲ್ಲಿ, ಮೊದಲ ಮೂರು ತಿಂಗಳು ಅಗ್ಗ, ಆಮೇಲೆ ದೇವರೇ ಗತಿ. ಜನ ಆ ಕಾಗದಗಳನ್ನು ಹಿಡಿದು ಫೋನಿನವರ ಜಗಲಿಗೆ ಹೋಗುವುದು ರೂಢಿಯಾಯಿತು. ಯಾವುದನ್ನು ಹಾಕಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅವರು ಹೇಳಬೇಕು. ಅವರಿಗೆ ಅದರಲ್ಲಿ ಚಿಕ್ಕಾಸೂ ಇರಲಿಲ್ಲ. ಕಂಪನಿಯವರೊಬ್ಬರು ಕಮಿಷನ್ ಕೊಡುತ್ತೇವೆ ಎಂದಾಗ ಗೇಟಿನವರೆಗೂ ಹೋಗಿ ಕಳಿಸಿ ಬಂದಿದ್ದರು.

ಬೇರೆ ಯಾರನ್ನಾದರೂ "ಯಾವುದು ಅಗ್ಗ?" ಎಂದು ಕೇಳಿದರೆ ಉತ್ತರ ಸಿಗುತ್ತದೆ. ಇವರ ಬಳಿ ತಿರುಗಿ ಪ್ರಶ್ನೆಗಳೇ ಸಿಗುತ್ತಿದ್ದವು. "ನೀವು ಯಾರಿಗೆ ಫೋನ್ ಮಾಡ್ತೀರ? ನಿಮಗೆ ಯಾರು ಮಾಡ್ತಾರೆ? ನೀವಿಲ್ದಾಗ ಮನೇಲಿ ಯಾರಿರ್ತಾರೆ?" ಇಷ್ಟಕ್ಕೆ ಉತ್ತರ ಹೇಳದ ಹೊರತು ಕಾಗದ ಮುಟ್ಟುತ್ತಿರಲಿಲ್ಲ. ಎಲ್ಲಕ್ಕಿಂತ ಜೋರಾದ ಇಂಟರ್ನೆಟ್ಟೇ ಬೇಕು ಎಂದು ಹಟ ಹಿಡಿದ ಒಬ್ಬ ರಿಟೈರ್ಡ್ ಆಫೀಸರನ್ನು ಹೀಗೇ ವಿಚಾರಿಸಿ, ಅವರು ಬೆಳಗ್ಗೆ ಎಲ್ಲರಿಗೂ ಹೂವಿನ ಚಿತ್ರ ಕಳಿಸುವುದು ಬಿಟ್ಟು ಬೇರೇನೂ ಮಾಡುವುದಿಲ್ಲ ಎಂದು ಪತ್ತೆ ಹಚ್ಚಿ, ಎಲ್ಲಕ್ಕಿಂತ ಸಣ್ಣ ಪ್ಲಾನ್ ಹಾಕಿಸಿದರು. ಬ್ಯಾಡರಹಳ್ಳಿಯಲ್ಲಿ ಹತ್ತು ಬಾಡಿಗೆ ಮನೆ ಕಟ್ಟಿಸಿದ ಗೌಡರೊಬ್ಬರು, ಹತ್ತಕ್ಕೂ ಒಂದೇ ಕನೆಕ್ಷನ್ ಹಂಚಬಹುದೇ ಎಂದು ಕೇಳಲು ಕಾರಿನಲ್ಲಿ ಬಂದಿದ್ದರು. "ಒಂದು ನಲ್ಲಿಗೆ ಹತ್ತು ಬಿಂದಿಗೆ ಇಟ್ರೆ ಜಗಳ ಬರತ್ತೆ ಗೌಡ್ರೇ, ನೀರು ಬರಲ್ಲ" ಎಂದು ಕಳಿಸಿದರು.

ನಮ್ಮ ಪಕ್ಕದ ಮನೆಯಾಕೆಯ ಮಗಳು ಮಸ್ಕತ್ತಿನಲ್ಲಿದ್ದಳು. ತಾಯಿ ವಾರಕ್ಕೊಮ್ಮೆ ಹೊರದೇಶದ ಕಾಲ್ ಮಾಡಿ, ಗಡಿಯಾರ ನೋಡುತ್ತಾ ಮಾತಾಡುತ್ತಿದ್ದರು. ಫೋನಿನವರು ಅವರಿಗೆ ಇಂಟರ್ನೆಟ್ಟಿನಲ್ಲೇ ಕಾಲ್ ಮಾಡುವುದನ್ನು ಕಲಿಸಿದರು. ಮೊಬೈಲನ್ನು ಅಡುಗೆಮನೆಯಲ್ಲಿ ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು, "ಇನ್ಮೇಲೆ ಗಡಿಯಾರ ನೋಡ್ಕೊಂಡು ಅಳಬೇಡಿ ತಾಯಿ, ಎಷ್ಟು ಹೊತ್ತು ಬೇಕಾದ್ರೂ ಅಳಿ" ಎಂದರು. ಆಕೆ ಈಗಲೂ ಚಪಾತಿ ಲಟ್ಟಿಸುತ್ತಾ ಮಗಳೊಂದಿಗೆ ಮಾತಾಡುತ್ತಾರೆ.

ಈಗ ನನ್ನ ಅಕ್ಕನ ವಿಷಯ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾವಿಬ್ಬರೂ ಮದುವೆಯಾಗಲಿಲ್ಲ, ಅದಕ್ಕೆ ಬೇರೆ ಬೇರೆ ಕಾರಣಗಳಿದ್ದವು, ಅವು ಇಲ್ಲಿ ಬೇಡ. ಅವಳು ಮನೆಯಲ್ಲೇ ರವಿಕೆ ಹೊಲಿದು ನನ್ನನ್ನು ಓದಿಸಿದವಳು. ಸಕ್ಕರೆ ಕಾಯಿಲೆ ಮೊದಲು ಅವಳ ಕಾಲಿಗೆ, ಆಮೇಲೆ ಕಣ್ಣಿಗೆ ಬಂತು. ಕೊನೆಯ ವರ್ಷಗಳಲ್ಲಿ ಬೆಳಕು, ಕತ್ತಲು ಎಂಬಷ್ಟೇ ಗೊತ್ತಾಗುತ್ತಿತ್ತು. ಆದರೂ ಬಟ್ಟೆಯ ಅಂಚು ಸವರಿ ಇದು ಯಾವ ಸೀರೆ ಎಂದು ಹೇಳುತ್ತಿದ್ದಳು, ಐವತ್ತು ಅರವತ್ತು ಫೋನ್ ನಂಬರುಗಳು ಬಾಯಿಪಾಠ ಇದ್ದವು.

ನಾನು ಸ್ಕೂಲಿಗೆ ಹೋದ ಮೇಲೆ ಅವಳಿಗೆ ಫೋನೇ ಜತೆ. ಮೊಬೈಲ್ ಕೊಡಿಸಿದೆ, ಆಗಲಿಲ್ಲ. ಅದನ್ನು ಎಲ್ಲಿಟ್ಟೆ ಎಂದು ತಡಕಾಡಬೇಕು, ಚಾರ್ಜು ಇದೆಯೋ ಇಲ್ಲವೋ ತಿಳಿಯದು, ನುಣುಪಾದ ಗಾಜಿನ ಮೇಲೆ ಬೆರಳಿಗೆ ಏನೂ ಸಿಗದು. ಮೇಜಿನ ಮೇಲಿನ ಫೋನಾದರೆ ಎಲ್ಲಿಗೂ ಹೋಗುವುದಿಲ್ಲ. ಅದರ ಐದರ ಗುಂಡಿಯ ಮೇಲೆ ಒಂದು ಉಬ್ಬು ಇತ್ತು, ಅಲ್ಲಿಂದ ಮೇಲೆ ಕೆಳಗೆ ಲೆಕ್ಕ ಹಾಕಿ ಒತ್ತುತ್ತಿದ್ದಳು. ಬೆಳಗ್ಗೆ ಇನ್ಸುಲಿನ್ ಹಾಕಿಕೊಂಡು ಸರಿಯಾಗಿ ತಿನ್ನದ ದಿನ ಅವಳಿಗೆ ಶುಗರ್ ಇಳಿದು ಕೈಕಾಲು ನಡುಗುತ್ತಿದ್ದವು. ಎರಡು ಸಲ ಹಾಗಾಗಿತ್ತು. ಎರಡು ಸಲವೂ ಅವಳು ಫೋನಿನವರ ಮನೆಗೆ ಮಾಡಿದ್ದಳು. ನಾಲ್ಕು ಮನೆ ಆಚೆಯಿಂದ ಅವರು ಚಪ್ಪಲಿಯನ್ನೂ ಹಾಕದೆ ಓಡಿ ಬಂದು, ನಾವು ಕೊಟ್ಟಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು, ಸಕ್ಕರೆ ನೀರು ಕುಡಿಸಿ, ನಾನು ಬರುವವರೆಗೂ ಪಕ್ಕದಲ್ಲೇ ಕೂತಿದ್ದರು. ಅವಳ ಜೀವ ಆ ಫೋನಿನ ಮೇಲೆ ನಿಂತಿತ್ತು ಎಂದರೆ ದೊಡ್ಡ ಮಾತಲ್ಲ.

ರಸ್ತೆಗೆ ಕಾಂಕ್ರೀಟ್ ಹಾಕಲು ಅಗೆದಾಗ ನಮ್ಮ ಲೈನು ಸತ್ತಿತು. ಸರಿಮಾಡಿಸಿದರೆ ವಾರಕ್ಕೆ ಮತ್ತೆ ಸತ್ತಿತು. ಹಳೆಯ ತಾಮ್ರದ ತಂತಿಯನ್ನು ಇನ್ನು ಯಾರೂ ಪೂರ್ತಿ ಸರಿಮಾಡುವುದಿಲ್ಲ, ಫೈಬರ್ ಹಾಕಿಸಿಕೊಳ್ಳುವುದೇ ದಾರಿ ಎಂದಾಯಿತು. ನಾನು ನಾಲ್ಕು ಕಾಗದ ಹಿಡಿದು ಫೋನಿನವರ ಜಗಲಿಗೆ ಹೋದೆ. ಆಗ ನನಗೆ ಸ್ಕೂಲಿನಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಕಾಲ, ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. "ಸಾರ್, ನಿಮ್ಮ ಪ್ರಶ್ನೆಪತ್ರಿಕೆ ಬೇಡ. ಇದರಲ್ಲಿ ಅಗ್ಗದ್ದು ಯಾವುದು, ಹಳೇ ನಂಬರು ಉಳಿಯೋದು ಯಾವುದು, ಅಷ್ಟು ಹೇಳಿ" ಎಂದೆ. ಅವರು ನಕ್ಕು ಎರಡು ದಿನ ತೆಗೆದುಕೊಂಡು, ದಿನಸಿ ಅಂಗಡಿಯ ಲೆಕ್ಕದ ಹಾಗೆ ಎಲ್ಲವನ್ನೂ ಕೂಡಿ ಕಳೆದು, ಒಂದನ್ನು ಆರಿಸಿ ಕೊಟ್ಟರು. ನಿಜವಾಗಿಯೂ ಅದೇ ಅಗ್ಗ. ಹಳೆಯ ನಂಬರೂ ಉಳಿಯಿತು, ಐದರ ಮೇಲೆ ಉಬ್ಬಿದ್ದ ಅದೇ ಹಳೆಯ ಫೋನನ್ನೇ ಫೈಬರಿನ ಜತೆ ಬಂದ ಹೊಸ ಡಬ್ಬಕ್ಕೆ ಸಿಕ್ಕಿಸಿದರು.

ಕನೆಕ್ಷನ್ ಬಂದ ಮಾರನೆಯ ಬೆಳಗ್ಗೆ, ನಾನು ಉತ್ತರಪತ್ರಿಕೆಯ ಕಟ್ಟು ಹಿಡಿದು ಮನೆ ಮುಂದಿನ ಮೆಟ್ಟಿಲು ಇಳಿಯುತ್ತಿದ್ದೆ. ಫೋನಿನವರು ಎದುರಿಗೆ ಹತ್ತಿ ಬಂದರು.

"ಮೇಡಂ, ಇದೊಂದು ಮಾತ್ರ ಮರೀಬೇಡಿ. ಇದು ಹಳೇ ಫೋನ್ ಥರ ಅಲ್ಲ. ಕರೆಂಟ್ ಹೋದ್ರೆ ಈ ಡಬ್ಬ ಆಫ್ ಆಗತ್ತೆ, ಫೋನೂ ಸತ್ತೋಗತ್ತೆ. ಅಕ್ಕೋರು ಒಬ್ರೇ ಇರ್ತಾರೆ. ಡಬ್ಬಕ್ಕೆ ಅಂತಲೇ ಸಣ್ಣ ಬ್ಯಾಟರಿ ಬರತ್ತೆ, ರಾಜಾಜಿನಗರದಲ್ಲಿ ಸಿಗತ್ತೆ. ಒಂದು ಹಾಕ್ಸಿಬಿಡಿ."

"ಆಯ್ತು ಸಾರ್, ನೋಡೋಣ" ಎಂದೆ.

ಅಷ್ಟೇ. ಬಸ್ಸು ಬರುವ ಹೊತ್ತಾಗಿತ್ತು. ಆ ಬ್ಯಾಟರಿಗೆ ದುಡ್ಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಗ್ಗದ್ದನ್ನು ಹಿಡಿದೆ ಎಂಬ ಸಂತೋಷದಲ್ಲಿದ್ದೆ. ಅದಕ್ಕೆ ಮೇಲೊಂದು ಖರ್ಚು ಸೇರಿದರೆ ಅದು ಅಗ್ಗ ಎನಿಸುವುದಿಲ್ಲವಲ್ಲ ಎಂಬ ಸಣ್ಣ ಬುದ್ಧಿ. ನಮ್ಮ ಏರಿಯಾದಲ್ಲಿ ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಆಮೇಲೆ ಮರೆತೆ. ಅದೇ ವಾರ ಫೋನಿನವರ ಹೆಂಡತಿಗೆ ಆಪರೇಷನ್ ಆಗಿ ಅವರು ಆಸ್ಪತ್ರೆ, ಮನೆ ಎಂದು ಓಡಾಡತೊಡಗಿದರು. ಮತ್ತೆ ಕೇಳಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಜೋರು ಗಾಳಿ ಎದ್ದು ಮಳೆ ಬಂತು. ಮುಖ್ಯರಸ್ತೆಯಲ್ಲಿ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು, ಎರಡು ಗಂಟೆಗೂ ಮಿಕ್ಕಿ ಕರೆಂಟ್ ಇರಲಿಲ್ಲ. ರಜೆಯಲ್ಲೂ ದಾಖಲಾತಿ ಕೆಲಸಕ್ಕೆಂದು ನಾನು ಸ್ಕೂಲಿನಲ್ಲಿದ್ದೆ. ಸಂಜೆ ಬಂದು ಬಾಗಿಲು ತೆಗೆದಾಗ ಕರೆಂಟ್ ಮರಳಿತ್ತು, ಫ್ಯಾನು ತಿರುಗುತ್ತಿತ್ತು. ಅಕ್ಕ ಫೋನಿನ ಮೇಜಿನ ಕೆಳಗೆ ಒರಗಿಕೊಂಡು ಕೂತಿದ್ದಳು. ರಿಸೀವರ್ ಅವಳ ಮಡಿಲಲ್ಲಿತ್ತು. ಮೈ ತಣ್ಣಗಾಗಿತ್ತು.

ಗ್ಲೂಕೋಸ್ ಡಬ್ಬ ಅಡುಗೆಮನೆಯ ಗೂಡಿನಲ್ಲೇ ಇತ್ತು, ಅವಳು ಆ ಕಡೆ ಹೋಗಿರಲಿಲ್ಲ. ಶುಗರ್ ಇಳಿದಾಗ ತಲೆ ಮಂಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಆ ಮಂಕಿನಲ್ಲೂ ಅವಳಿಗೆ ದಾರಿ ಗೊತ್ತಿದ್ದದ್ದು ಫೋನಿಗೆ. ಎತ್ತಿದ್ದಾಳೆ, ಒತ್ತಿದ್ದಾಳೆ, ಎಷ್ಟು ಸಲ ಒತ್ತಿದಳೋ. ಆ ಹೊತ್ತಿನಲ್ಲಿ ಫೋನಿನವರು ನಾಲ್ಕು ಮನೆ ಆಚೆ, ಹೆಂಡತಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಾ ಕೂತಿದ್ದರು.

ಕೂಗು ಕೇಳಿ ಮೊದಲು ಓಡಿ ಬಂದವರು ಅವರೇ. ಆಮೇಲೆ ಅಕ್ಕಪಕ್ಕದವರು, ಕೆಂಗೇರಿಯಿಂದ ನಮ್ಮ ಚಿಕ್ಕಪ್ಪನ ಮಗ, ಅವನ ಹೆಂಡತಿ, ಎಲ್ಲ ಸೇರಿದರು. ಅಕ್ಕನನ್ನು ಚಾಪೆಯ ಮೇಲೆ ಮಲಗಿಸಿದ ಮೇಲೆ ಫೋನಿನವರು ಮೇಜಿನ ಬಳಿ ಹೋದರು. ಹೊಸ ಡಬ್ಬವನ್ನು ನೋಡಿದರು, ಬಗ್ಗಿ ಮೇಜಿನ ಕೆಳಗೆ ನೋಡಿದರು, ತಂತಿಯನ್ನು ಹಿಡಿದು ಗೋಡೆಯ ಪ್ಲಗ್ಗಿನವರೆಗೂ ಕೈಯಾಡಿಸಿದರು. ಅವರು ಹುಡುಕುತ್ತಿದ್ದದ್ದು ಏನೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬ್ಯಾಟರಿ ಇರಲಿಲ್ಲ. ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ನಾನು ಹೇಳ್ಲಿಲ್ವಲ್ಲ ಮೇಡಂ" ಎಂದರು. "ಬ್ಯಾಟರಿ ವಿಷ್ಯ ನಾನು ಹೇಳ್ಲೇ ಇಲ್ವಲ್ಲ. ಮನೇಲಿ ಇವಳ ಆಪರೇಷನ್ ಗಡಿಬಿಡೀಲಿ ಮರ್ತುಬಿಟ್ಟೆ. ಹೇಳಿದ್ರೆ ನೀವು ಹಾಕಿಸ್ದೆ ಇರ್ತಿದ್ರಾ?"

ಎಲ್ಲರೂ ಅವರನ್ನು ನೋಡಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಚಿಕ್ಕಪ್ಪನ ಮಗ ಮೇಲೆದ್ದ. "ಏನ್ರೀ ನೀವು, ಜೀವಮಾನವೆಲ್ಲ ಫೋನ್ ಕೆಲ್ಸ ಮಾಡ್ದೋರು, ಇಷ್ಟು ಹೇಳೋದು ಗೊತ್ತಾಗ್ಲಿಲ್ವಾ? ಕಣ್ಣು ಕಾಣ್ದಿರೋ ಹೆಂಗ್ಸು ಒಬ್ಳೇ ಇರೋ ಮನೆ ಅಂತ ಗೊತ್ತಿರ್ಲಿಲ್ವಾ ನಿಮಗೆ?" ಎಂದು ಕೂಗಾಡಿದ. ಫೋನಿನವರು ತಲೆ ತಗ್ಗಿಸಿ, "ಗೊತ್ತಿತ್ತು ಸ್ವಾಮಿ, ತಪ್ಪಾಯ್ತು" ಎಂದರು. ಯಾರೋ ಅವನನ್ನು ಆಚೆ ಕರೆದುಕೊಂಡು ಹೋದರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಒಂದು ನಿಮಿಷ ತಡವಾಗಿತ್ತು, ಆಮೇಲೆ ಒಂದು ದಿನ ತಡವಾಯಿತು, ಆಮೇಲೆ ತಿಥಿ ಕಳೆಯಿತು.

ಅವರಿಗೆ ನಿಜವಾಗಿಯೂ ಮರೆತಿತ್ತೇ ಎಂದು ಬಹಳ ಯೋಚಿಸಿದ್ದೇನೆ. ಹೌದು, ಮರೆತಿತ್ತು. ಮೆಟ್ಟಿಲ ಮೇಲೆ ಅರ್ಧ ನಿಮಿಷ ಆಡಿದ ಮಾತು, ಆ ಆಸ್ಪತ್ರೆಯ ಓಡಾಟದಲ್ಲಿ ಅಳಿಸಿಹೋಗಿತ್ತು. ಉಳಿದದ್ದನ್ನು ಅವರು ತರ್ಕದಿಂದ ತುಂಬಿಕೊಂಡರು. ಹೇಳಿದ್ದರೆ ಟೀಚರ್ ಹಾಕಿಸುತ್ತಿದ್ದರು, ಹಾಕಿಸಿಲ್ಲ, ಆದ್ದರಿಂದ ನಾನು ಹೇಳಿಲ್ಲ. ಗಣಿತದವಳು ನಾನು, ಆ ಲೆಕ್ಕದಲ್ಲಿ ತಪ್ಪು ಹೆಜ್ಜೆ ಯಾವುದೆಂದು ನನಗೆ ಗೊತ್ತಿತ್ತು. ಅವರು ನನ್ನ ಮೇಲೆ ಇಟ್ಟ ನಂಬಿಕೆಯೇ ಆ ತಪ್ಪು ಹೆಜ್ಜೆ.

ಜಗಲಿಯ ಪಂಚಾಯ್ತಿ ಅಂದಿಗೆ ನಿಂತಿತು. ಕಾಗದ ಹಿಡಿದು ಬಂದವರಿಗೆ "ನಂಗೆ ಈಗಿನದ್ದೆಲ್ಲ ಗೊತ್ತಾಗಲ್ಲ" ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದರು. ಯಾರ ಮನೆಗೂ ಹೋಗಿ ರಿಸೀವರ್ ಎತ್ತಲಿಲ್ಲ. ಮಾತು ಕಡಿಮೆಯಾಯಿತು, ಗಡ್ಡ ಬಂತು. ರಸ್ತೆಯ ಜನವೂ ಮೊದಲಿನಂತಿರಲಿಲ್ಲ. ಅವರ ಎದುರಿಗೆ ಯಾರೂ ಏನೂ ಅನ್ನಲಿಲ್ಲ, ಹಿಂದೆ ಎಲ್ಲರೂ ಅಂದರು. ತರಕಾರಿ ಗಾಡಿಯ ಬಳಿ ಒಬ್ಬಾಕೆ, ನಾನು ಅಲ್ಲೇ ನಿಂತಿರುವಾಗಲೇ, "ಪಾಪ, ಟೀಚರ್ ಎಷ್ಟು ಒಳ್ಳೆಯವರು, ಒಂದು ಮಾತೂ ಅನ್ಲಿಲ್ಲ ಆ ಮನುಷ್ಯನ್ನ" ಎಂದರು. ನಾನು ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

ಆಮೇಲೆ ಶುರುವಾದದ್ದು ಇನ್ನೊಂದು. ಕರೆಂಟ್ ಹೋದ ಕೂಡಲೇ ಫೋನಿನವರು ಮನೆಯಿಂದ ಹೊರಬೀಳುತ್ತಿದ್ದರು. ತಾವು ಹೇಳಿ ಫೈಬರ್ ಹಾಕಿಸಿದ ಒಂದೊಂದು ಮನೆಯ ಗೇಟಿಗೂ ಹೋಗಿ, ಚಿಲಕ ಬಡಿದು, ಯಾರಾದರೂ ಇಣುಕುವವರೆಗೂ ನಿಂತು, "ಎಲ್ಲಾ ಸರಿ ಇದೀರಾ?" ಎಂದು ಕೇಳಿ ಮುಂದಕ್ಕೆ ಹೋಗುವುದು. ನಮ್ಮ ರಸ್ತೆ, ಹಿಂದಿನ ರಸ್ತೆ, ಅದರ ಹಿಂದಿನದು. ಮೊದಮೊದಲು ಜನ ಬಂದು ಮಾತಾಡಿಸಿದರು. ಆಮೇಲೆ ಒಳಗಿನಿಂದಲೇ "ಇದೀವಿ ಇದೀವಿ" ಎಂದು ಕೂಗಿದರು. ಆಮೇಲೆ ತಮಾಷೆ ಮಾಡಿದರು. ಮಳೆಯಿರಲಿ ಬಿಸಿಲಿರಲಿ ಅವರು ಒಂದು ಮನೆಯನ್ನೂ ಬಿಡುತ್ತಿರಲಿಲ್ಲ.

ನಮ್ಮ ಗೇಟಿಗೂ ಬರುತ್ತಿದ್ದರು. ನಮ್ಮ ಮನೆಯಲ್ಲಿ ಈಗ ಯಾರನ್ನು ವಿಚಾರಿಸುವುದಿತ್ತು? ಆದರೂ ಬರುತ್ತಿದ್ದರು. ಚಿಲಕ ಬಡಿಯುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದರು. ನಾನು ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ಹೊರಗೆ ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು: ಸಾರ್, ನೀವು ಹೇಳಿದ್ರಿ, ನಾನು ಕೇಳಲಿಲ್ಲ. ಐದೇ ಮಾತು. ಇಡೀ ತರಗತಿಯನ್ನು ಕಣ್ಣಲ್ಲೇ ಕೂರಿಸುತ್ತಿದ್ದ ನನಗೆ ಆ ಐದು ಮಾತಿಗೆ ಧೈರ್ಯ ಬರಲಿಲ್ಲ. ನನ್ನ ಬಗ್ಗೆ ನಾನೇ ಅಸಹ್ಯಪಟ್ಟುಕೊಂಡೆ. ಅದರಿಂದ ಅವರಿಗೆ ಏನೂ ಆಗಲಿಲ್ಲ.

ಈ ಸಲದ ಮಳೆಗಾಲದಲ್ಲಿ ಹೀಗೇ ಹೊರಟವರು ಹಿಂದಿನ ರಸ್ತೆಯಲ್ಲಿ, ಅಲುಗಾಡುತ್ತಿದ್ದ ಚಪ್ಪಡಿಯ ಮೇಲೆ ಕಾಲಿಟ್ಟು ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೆ ಎದ್ದು ಓಡಾಡಲಿಲ್ಲ. ಎದೆಯಲ್ಲಿ ಕಫ ಕಟ್ಟಿತು. ನೋಡಲು ಹೋದವರು ಬಂದು, ಇನ್ನು ಹೆಚ್ಚು ದಿನ ಇಲ್ಲ ಎಂದರು. ನಾನು ಹೋಗಲಿಲ್ಲ. ಒಂದು ದಿನ ಹಾಲಿನ ಬೂತಿನ ಬಳಿ ಅವರ ಹೆಂಡತಿಯೇ ಸಿಕ್ಕರು.

"ಕರೆಂಟ್ ಹೋದ್ರೆ ಈಗ್ಲೂ ಎದ್ದೇಳಕ್ಕೆ ನೋಡ್ತಾರೆ ಮೇಡಂ. ನಿನ್ನೆ ಮಂಚದಿಂದ ಬಿದ್ದೇಬಿಟ್ರು. ನಾನೇ ಹೋಗಿ ಕೇಳ್ಕೊಂಡು ಬರ್ತೀನಿ ಅಂತ ಸುಳ್ಳು ಹೇಳಿ ಮಲಗಿಸ್ಬೇಕು" ಎಂದರು.

ನಿಂತ ಕಾಲಲ್ಲೇ ಅವರ ಮನೆಗೆ ಹೋದೆ. ಬೆಳಗಿನ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಗಟ್ಟಿ ಮನುಷ್ಯ ಒಂದು ಹೊದಿಕೆಯಷ್ಟಾಗಿದ್ದರು. ನನ್ನನ್ನು ಕಂಡು ಕೈ ಮುಗಿಯಲು ಹೋದರು, ನಾನು ಹಿಡಿದೆ.

"ಸಾರ್, ನಿಮಗೊಂದು ಮಾತು ಹೇಳ್ಬೇಕು. ಬ್ಯಾಟರಿ ವಿಷಯ ನೀವು ನನಗೆ ಹೇಳಿದ್ರಿ. ನಮ್ಮ ಮೆಟ್ಟಿಲ ಮೇಲೆ, ಬೆಳಗ್ಗೆ ಹೊತ್ತು, ಕರೆಂಟ್ ಹೋದ್ರೆ ಫೋನ್ ಸತ್ತೋಗತ್ತೆ ಅಂತ ಹೇಳಿದ್ರಿ. ನಾನೇ ತರ್ಲಿಲ್ಲ. ತಪ್ಪು ನಂದು, ನಿಮ್ದಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ನಕ್ಕರು. ಮೂರು ವರ್ಷದಲ್ಲಿ ಆ ನಗು ನೋಡಿರಲಿಲ್ಲ.

"ಸಾಯೋನ್ಗೆ ಸಮಾಧಾನ ಹೇಳಕ್ ಬಂದಿದೀರ" ಎಂದರು.

"ಇಲ್ಲ ಸಾರ್, ನಿಜ ಹೇಳ್ತಿದೀನಿ. ರಾಜಾಜಿನಗರದಲ್ಲಿ ಸಿಗತ್ತೆ ಅಂತ ಕೂಡ ಹೇಳಿದ್ರಿ."

"ಇರ್ಲಿ ಬಿಡಿ ಮೇಡಂ. ನಾನು ಹೇಳಿದ್ರೆ ನೀವು ತರ್ದೆ ಇರ್ತಿದ್ರಾ? ಒಡಹುಟ್ಟಿದ ಅಕ್ಕ. ನೀವು ಅಂಥೋರಲ್ಲ."

"ಅಂಥೋಳೇ ಸಾರ್ ನಾನು" ಎಂದೆ. ದನಿ ಏರಿತು, ಅಳು ಬಂತು. ಅಡುಗೆಮನೆಯಿಂದ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಂತರು. ಅವರು ನನ್ನ ಕೈಯನ್ನು ಎರಡು ಸಲ ತಟ್ಟಿದರು, ನಾನೇ ರೋಗಿ ಎನ್ನುವಂತೆ. "ನಿಮ್ಮ ಮನಸ್ಸು ದೊಡ್ದು. ಇಷ್ಟು ಅಂದ್ರಲ್ಲ, ಸಾಕು" ಎಂದು ಕಣ್ಣು ಮುಚ್ಚಿದರು. ನಾನು ಮತ್ತೆ ಹೇಳಿದೆ. ಇನ್ನೊಮ್ಮೆ ಹೇಳಿದೆ. ಹೆಚ್ಚು ಹೇಳಿದಷ್ಟೂ ಅದು ಹೆಚ್ಚು ಕನಿಕರದಂತೆ ಕೇಳಿಸುತ್ತಿತ್ತು. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಕಾಫಿ ತಂದುಕೊಟ್ಟರು.

ಅವರು ಹೋದದ್ದು ಅದಾಗಿ ಎಂಟು ದಿನಕ್ಕೆ. ಅಂಗಳದಲ್ಲಿ ಮಲಗಿಸಿದ್ದರು. ರಸ್ತೆಯ ಜನವೆಲ್ಲ ಇದ್ದರು. ಹೂವಿನ ಚಿತ್ರದ ಆಫೀಸರು, ಮಸ್ಕತ್ತಿನ ಮಗಳ ತಾಯಿ, ಎಲ್ಲರೂ. ಅವರ ಹೆಂಡತಿ ನನ್ನನ್ನು ಕಂಡು ಹತ್ತಿರ ಕರೆದು, ಎಲ್ಲರಿಗೂ ಕೇಳುವಂತೆ ಹೇಳಿದರು: "ಮೇಡಂ ಬಂದು ಕ್ಷಮಿಸಿ ಹೋದ್ರು ನೋಡಿ. ತಮ್ಮ ಮೇಲೇ ತಪ್ಪು ಹಾಕ್ಕೊಂಡು ಮಾತಾಡಿದ್ರು, ನಮ್ಮನೆಯವರ ಜೀವಕ್ಕೆ ನೆಮ್ಮದಿ ಆಗ್ಲಿ ಅಂತ. ಆಮೇಲೇ ಇವರು ನಿದ್ದೆ ಮಾಡಿದ್ದು."

ಎಲ್ಲರೂ ನನ್ನ ಕಡೆ ತಿರುಗಿದರು. ಒಬ್ಬಿಬ್ಬರು ಕೈ ಮುಗಿದರು. ನಾನು ಅಲ್ಲೂ ಹೇಳಿದೆ, ಅದು ಕ್ಷಮೆಯಲ್ಲ, ನಿಜ ಎಂದು. ಮಸ್ಕತ್ತಿನ ಮಗಳ ತಾಯಿ ನನ್ನ ಬೆನ್ನು ಸವರಿ, "ಅಳಬೇಡಿ ಟೀಚರ್, ಆಯ್ತಲ್ಲ" ಎಂದರು.

ಬಾಯಿಮಾತು ಇನ್ನು ನಡೆಯುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಅವರು ಹೇಳಿ ಹಾಕಿಸಿದ ಅಷ್ಟೂ ಮನೆಗಳಿಗೆ ಇದರ ಒಂದೊಂದು ಪ್ರತಿಯನ್ನು ನಾನೇ ಹೋಗಿ ಕೊಟ್ಟು ಬರುತ್ತೇನೆ. ಓದಿ ನನ್ನನ್ನು ಏನು ಬೇಕಾದರೂ ಅನ್ನಲಿ, ಮತ್ತೊಮ್ಮೆ ಮಾತ್ರ ಒಳ್ಳೆಯವಳು ಅನ್ನಬಾರದು. ಅವರು ಹೇಳಿದ್ದರು. ಸ್ಪಷ್ಟವಾಗಿ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ.